ಬಸ್ ನಿಲ್ದಾಣದ ಅವ್ಯವಸ್ಥೆಗೆ ಆ ಹೆಸರು ಬೇಡ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ‘ಬಸ್ ನಿಲ್ದಾಣದಲ್ಲಿ ಅರಾಜಕತೆ’ ಎಂಬ ಶೀರ್ಷಿಕೆ ನೋಡಿದೆ. ಒಳಗಿನ ವರದಿಯಲ್ಲಿ ತಪ್ಪೇನೂ ಇರಲಿಲ್ಲ. ಶೌಚಾಲಯಕ್ಕೆ ಬೀಗ, ನಲ್ಲಿಯಲ್ಲಿ ನೀರಿಲ್ಲ, ಜನ ನಿಲ್ಲುವ ಜಾಗದಲ್ಲೆಲ್ಲ ಬೈಕುಗಳು. ವಾರಕ್ಕೆರಡು ಸಲ ಅಲ್ಲೇ ನಿಂತು ಬಸ್ಸು ಕಾಯುವವಳು ನಾನು, ಹಾಗಾಗಿ ವರದಿಗಾರರಿಗೆ ಕೃತಜ್ಞಳು. ನನ್ನ ತಕರಾರು ಆ ಒಂದು ಪದದ ಬಗ್ಗೆ ಮಾತ್ರ. ಪತ್ರ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸಬೇಡಿ. ಈ ಪದಕ್ಕೆ ನಾನೂ ಒಮ್ಮೆ ತಪ್ಪು ಅರ್ಥ ಹೇಳಿಕೊಟ್ಟವಳೇ, ಅದೂ ತರಗತಿಯಲ್ಲಿ ನಿಂತು.

2007ರಲ್ಲಿ ಭಗತ್ ಸಿಂಗ್ ಹುಟ್ಟಿ ನೂರು ವರ್ಷ ತುಂಬಿತು. ಗೌರಿಬಿದನೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿದ್ದ ನಾನು ಮಕ್ಕಳಿಗೆ ಭಾಷಣ ಸ್ಪರ್ಧೆ ಇಟ್ಟಿದ್ದೆ. ಏಳನೇ ತರಗತಿಯ ಹುಡುಗನೊಬ್ಬ, 1929ರ ಏಪ್ರಿಲ್ 8ರಂದು ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ದೆಹಲಿಯ ಅಸೆಂಬ್ಲಿಯಲ್ಲಿ ಬಾಂಬಿನ ಜೊತೆ ಎಸೆದ ಕರಪತ್ರವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಅದರ ಮೊದಲ ಸಾಲೇ ‘ಕಿವುಡರಿಗೆ ಕೇಳಿಸಬೇಕಾದರೆ ದನಿ ದೊಡ್ಡದಿರಬೇಕು’ ಎಂಬುದು. ಭಾಷಣ ಮುಗಿಸಿ ನನ್ನ ಹತ್ತಿರ ಬಂದು, ‘ಮೇಡಂ, ಈ ಮಾತು ಭಗತ್ ಸಿಂಗ್ ಅವರದಲ್ಲವಂತೆ. ಫ್ರಾನ್ಸಿನ ಒಬ್ಬ ಅರಾಜಕತಾವಾದಿ ಹೇಳಿದ್ದು ಅಂತ ಅದರಲ್ಲೇ ಇದೆ. ಅರಾಜಕತಾವಾದಿ ಅಂದ್ರೆ ಯಾರು?’ ಅಂದ.

‘ಗಲಾಟೆ ಮಾಡೋರು ಕಣೋ’ ಅಂದೆ.

‘ಗಲಾಟೆ ಮಾಡೋರ ಮಾತನ್ನ ಭಗತ್ ಸಿಂಗ್ ಯಾಕೆ ಮೇಡಂ ತಗೊಂಡ್ರು?’

ಬಹುಮಾನ ಹಂಚುವ ಹೊತ್ತಾಗಿತ್ತು, ಅವನನ್ನು ಸಾಲಿಗೆ ಕಳಿಸಿಬಿಟ್ಟೆ. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಇಪ್ಪತ್ತಾರು ವರ್ಷ ಪಾಠ ಮಾಡಿದ್ದೇನೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲವಲ್ಲ ಎಂದು ಕೊರೆಯುತ್ತಿತ್ತು. ಬೆಂಗಳೂರಿನಲ್ಲಿ ಫ್ರೆಂಚ್ ಕಲಿಯುತ್ತಿದ್ದ ನನ್ನ ತಂಗಿಯ ಮಗಳ ಬೆನ್ನು ಬಿದ್ದೆ. ಇಂಗ್ಲಿಷಿನಲ್ಲಿ ಸಿಕ್ಕಿದ್ದನ್ನು ನಾನು ಓದಿದೆ, ಫ್ರೆಂಚಿನಲ್ಲಿದ್ದದ್ದನ್ನು ಅವಳು ಓದಿ ಹೇಳಿದಳು. ಹೀಗೆ ಹುಡುಕುತ್ತ ಮೊದಲು ಸಿಕ್ಕವನು ಆ ಮಾತಿನ ಒಡೆಯ ಆಗಸ್ಟ್ ವೈಯಾಂ. 1893ರ ಡಿಸೆಂಬರ್ 9ರಂದು ಫ್ರಾನ್ಸಿನ ಸಂಸತ್ತಿನೊಳಗೆ ಬಾಂಬ್ ಎಸೆದವನು. ಯಾರೂ ಸಾಯಲಿಲ್ಲ. ಆದರೂ ಮುಂದಿನ ಫೆಬ್ರವರಿಯಲ್ಲಿ ಅವನ ತಲೆ ತೆಗೆದರು. ಅವನ ದಾರಿ ನನಗೆ ಒಪ್ಪಿಗೆಯಿಲ್ಲ. ಅವನ ಕಾಲದ ಸಂಗಾತಿಗಳು ಯಾರಿದ್ದರೆಂದು ಹುಡುಕುವಾಗ ಲೂಯಿಸ್ ಮಿಶೆಲ್ ಸಿಕ್ಕಳು. ಈ ಪತ್ರ ಅವಳಿಗಾಗಿ.

ಅವಳು ನನ್ನ ಹಾಗೆಯೇ ಹಳ್ಳಿ ಶಾಲೆಯ ಟೀಚರು.

1830ರ ಮೇ 29ರಂದು ಫ್ರಾನ್ಸಿನ ಈಶಾನ್ಯ ಭಾಗದ ವ್ರೋಂಕೂರ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದಳು. ತಾಯಿ ಮರಿಯಾನ್, ಅಲ್ಲಿನ ದೊಡ್ಡಮನೆಯಲ್ಲಿ ಕೆಲಸಕ್ಕಿದ್ದವಳು. ಮದುವೆಯಾಗದೆ ಹುಟ್ಟಿದ ಮಗು, ತಂದೆ ಆ ಮನೆಯ ಮಗನೇ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಅಂಥ ಮಗುವಿಗೆ ನಮ್ಮ ಊರುಗಳಲ್ಲಿ ಏನೇನು ಹೆಸರಿಡುತ್ತಾರೆ ಎಂಬುದನ್ನು ಶಾಲೆಯಲ್ಲಿ ದಾಖಲಾತಿ ಬರೆದ ನಾನು ಬಲ್ಲೆ. ತಂದೆಯ ಹೆಸರಿನ ಕಾಲಂ ಬಂದಾಗ ತಲೆ ತಗ್ಗಿಸಿ ನಿಂತ ತಾಯಂದಿರನ್ನು ಕಂಡಿದ್ದೇನೆ. ಲೂಯಿಸ್ ಪುಣ್ಯ ಮಾಡಿದ್ದಳು. ದೊಡ್ಡಮನೆಯ ಅಜ್ಜ ಅಜ್ಜಿ ಅವಳನ್ನು ಮೊಮ್ಮಗಳಂತೆಯೇ ಬೆಳೆಸಿ, ವೋಲ್ಟೇರ್, ರೂಸೋ ಓದಿಸಿದರು.

ಟೀಚರ್ ಪರೀಕ್ಷೆ ಪಾಸು ಮಾಡಿದಾಗ ದೇಶದಲ್ಲಿ ಮೂರನೇ ನೆಪೋಲಿಯನ್ನನ ಆಳ್ವಿಕೆ. ಸರ್ಕಾರಿ ಶಾಲೆಯಲ್ಲಿ ಕಲಿಸಬೇಕಾದರೆ ಚಕ್ರವರ್ತಿಗೆ ನಿಷ್ಠೆಯ ಪ್ರಮಾಣ ಮಾಡಬೇಕಿತ್ತು. ಅವಳು ಮಾಡಲಿಲ್ಲ. 1853ರಲ್ಲಿ ಓದೆಲೋಂಕೂರ್ ಎಂಬ ಹಳ್ಳಿಯಲ್ಲಿ ಸ್ವಂತ ಶಾಲೆ ತೆರೆದಳು. ಮಕ್ಕಳಿಂದ, ಆಗ ಹಾಡಬಾರದೆಂದು ಕಟ್ಟಪ್ಪಣೆಯಿದ್ದ ಕ್ರಾಂತಿಗೀತೆ ಹಾಡಿಸುತ್ತಿದ್ದಳಂತೆ. ಅದು ಸಾಲದೆಂಬಂತೆ, ಊರ ಪತ್ರಿಕೆಗೆ ರೋಮಿನ ಕ್ರೂರ ಚಕ್ರವರ್ತಿ ಡೊಮಿಷಿಯನ್ ಬಗ್ಗೆ ಒಂದು ಬರಹ ಕೊಟ್ಟಳು. ಓದಿದವರಿಗೆಲ್ಲ ಆ ಡೊಮಿಷಿಯನ್ ಯಾರೆಂದು ಗೊತ್ತಾಗಿಬಿಟ್ಟಿತು. ಜಿಲ್ಲೆಯ ಅಧಿಕಾರಿ ಕರೆಸಿ, ನಿನ್ನನ್ನು ಸಮುದ್ರದಾಚೆಯ ಕೈದಿಗಳ ಊರು ಕಯೆನ್ನಿಗೆ ಕಳಿಸಬಹುದು ಗೊತ್ತೇ ಎಂದು ಹೆದರಿಸಿದ. ಅಲ್ಲೊಂದು ಶಾಲೆ ತೆರೆಯಲು ನನಗೆ ಸಂತೋಷವೇ ಎಂದು ಉತ್ತರ ಕೊಟ್ಟು ಬಂದಳು. ಸಂಪಾದಕರೇ, ಇದೆಲ್ಲ ಶುರುವಾದದ್ದು ಪತ್ರಿಕೆಗೆ ಕೊಟ್ಟ ಒಂದು ಬರಹದಿಂದ ಎಂಬುದನ್ನು ಗಮನಿಸಿ.

1856ರಲ್ಲಿ ಪ್ಯಾರಿಸಿಗೆ ಬಂದು, ಮೋಂಮಾರ್ತ್ ಗುಡ್ಡದ ಬಡವರ ಕೇರಿಯಲ್ಲಿ ಶಾಲೆ ನಡೆಸಿದಳು. 1871ರ ಮಾರ್ಚ್ 18ರ ಬೆಳಗಿನ ಜಾವ ಆ ಗುಡ್ಡದ ಮೇಲಿದ್ದ ಜನರ ಫಿರಂಗಿಗಳನ್ನು ಎಳೆದೊಯ್ಯಲು ಸೈನ್ಯ ಬಂತು. ಹೆಂಗಸರು ನಡುವೆ ನುಗ್ಗಿ ನಿಂತರು. ಗುಂಡು ಹಾರಿಸಿ ಎಂದರೆ ಸಿಪಾಯಿಗಳು ಹಾರಿಸಲಿಲ್ಲ. ಅಂದು ಹುಟ್ಟಿದ್ದು ಪ್ಯಾರಿಸ್ ಕಮ್ಯೂನ್. ಎಪ್ಪತ್ತೆರಡು ದಿನ ಆ ನಗರವನ್ನು ಅಲ್ಲಿನ ಜನರೇ ನಡೆಸಿದರು. ಶಾಲೆಗಳನ್ನು ಮಠಮಂದಿರಗಳ ಹಿಡಿತದಿಂದ ಬಿಡಿಸಿದರು, ಬೇಕರಿ ಕೆಲಸಗಾರರ ರಾತ್ರಿ ಪಾಳಿ ನಿಲ್ಲಿಸಿದರು. ಲೂಯಿಸ್ ಗಾಯಾಳುಗಳ ಆರೈಕೆಯನ್ನೂ ಮಾಡಿದಳು, 61ನೇ ದಳದ ಜೊತೆ ಬಂದೂಕನ್ನೂ ಹಿಡಿದಳು. ಎದುರಾಳಿ ಸರ್ಕಾರದ ಮುಖ್ಯಸ್ಥ ಥಿಯೇರ್‌ನನ್ನು ಕೊಂದು ಬರುತ್ತೇನೆಂದು ಹೊರಟವಳನ್ನು ಸಂಗಾತಿಗಳೇ ತಡೆದರಂತೆ. ಈ ಸಂಗತಿ ಓದಿದಾಗ ನಾನು ಒಂದು ವಾರ ಆ ಪುಸ್ತಕ ಮುಟ್ಟಲಿಲ್ಲ. ಅವಳನ್ನು ಮೆಚ್ಚುವುದಕ್ಕಾಗಿ ಇದನ್ನು ನಿಮ್ಮಿಂದ ಮುಚ್ಚಿಡಲಾರೆ.

ಮೇ ಕೊನೆಯ ವಾರ ಸೈನ್ಯ ಒಳನುಗ್ಗಿ ಸಾವಿರಾರು ಜನರನ್ನು ಕೊಂದಿತು. ಪೇರ್ ಲಾಶೇಸ್ ಸ್ಮಶಾನದ ಗೋಡೆಗೆ ನಿಲ್ಲಿಸಿ 147 ಜನರನ್ನು ಗುಂಡಿಟ್ಟು ಕೊಂದರು. ಇದನ್ನು ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು ನಮ್ಮ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿದ ಆ ತೋಪು ನನ್ನ ಗಂಡನ ಊರಿಗೆ ಹತ್ತಿರ. ಪ್ರತಿ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ನಾಗರಕಲ್ಲುಗಳ ಸಾಲು ದಾಟಿ ವೀರಸೌಧದ ಚಿತ್ರಗಳ ಮುಂದೆ ನಿಂತಾಗ ಎಂಥ ಪೋಲಿ ಹುಡುಗನೂ ಸದ್ದಿಲ್ಲದೆ ನಿಲ್ಲುತ್ತಿದ್ದ.

ಲೂಯಿಸ್ ತಪ್ಪಿಸಿಕೊಳ್ಳಬಹುದಿತ್ತು. ಸರ್ಕಾರದವರು ತಾಯಿಯನ್ನು ಹಿಡಿದಿದ್ದಾರೆಂದು ತಿಳಿದು ತಾನೇ ಹೋಗಿ ಶರಣಾದಳು. ಡಿಸೆಂಬರಿನಲ್ಲಿ ಸೇನಾ ನ್ಯಾಯಾಲಯದ ಮುಂದೆ ನಿಂತು, ಸ್ವಾತಂತ್ರ್ಯಕ್ಕಾಗಿ ಮಿಡಿಯುವ ಎದೆಗೆ ಸೀಸದ ಗುಂಡೇ ಗತಿ ಎನ್ನುವುದಾದರೆ ನನ್ನ ಪಾಲನ್ನೂ ಕೊಡಿ ಎಂದು ಕೇಳಿದಳು. ಕೊಡಲಿಲ್ಲ, ಗಡಿಪಾರು ಮಾಡಿದರು. 1873ರ ಆಗಸ್ಟಿನಲ್ಲಿ ‘ವರ್ಜಿನಿ’ ಎಂಬ ಹಡಗಿನಲ್ಲಿ, ಬೋನಿನೊಳಗೆ ಕೂರಿಸಿ, ನಾಲ್ಕು ತಿಂಗಳ ಪ್ರಯಾಣದ ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪಕ್ಕೆ. ಹಾಗೆ ಹೋದ ಕಮ್ಯೂನಿನವರು ನಾಲ್ಕು ಸಾವಿರಕ್ಕೂ ಹೆಚ್ಚು ಜನ.

ನಾನು ಹೇಳಬೇಕೆಂದಿರುವ ಮಾತು ಹುಟ್ಟಿದ್ದು ಆ ಹಡಗಿನಲ್ಲಿ. ಪುಸ್ತಕ ಕಟ್ಟುವ ಕೆಲಸದ ನತಾಲಿ ಲೆಮೆಲ್ ಜೊತೆಗಿದ್ದಳು. ಕಮ್ಯೂನ್ ಯಾಕೆ ಸೋತಿತು ಎಂದು ಇಬ್ಬರೂ ತಿಂಗಳುಗಟ್ಟಲೆ ಮಾತಾಡಿದರು. ತಮ್ಮವರೇ, ಒಳ್ಳೆಯವರೇ, ಪ್ರಾಣ ಕೊಡಲು ಸಿದ್ಧರಿದ್ದವರೇ ಅಧಿಕಾರದಲ್ಲಿ ಕೂತಾಗ ಕೈಲಾಗದವರಾದರು. ಕೆಟ್ಟವರು ಕೂತರೆ ಕೇಡು ಮಾಡುತ್ತಾರೆ. ಹಾಗಾದರೆ ದೋಷ ಕೂತವರದಲ್ಲ, ಕುರ್ಚಿಯದು. ಅಧಿಕಾರವೇ ಶಾಪಗ್ರಸ್ತವಾದದ್ದು, ಅದಕ್ಕೇ ನಾನು ಅರಾಜಕತಾವಾದಿ ಎಂದು ಆಮೇಲೆ ಬರೆದಳು. ಒಪ್ಪುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ನನಗೇ ಪೂರ್ತಿ ಒಪ್ಪಿಗೆಯಿಲ್ಲ. ಸರ್ಕಾರಿ ಶಾಲೆ, ಬಿಸಿಯೂಟ, ಪಿಂಚಣಿಯ ಋಣದಲ್ಲಿ ಬದುಕಿದವಳು ನಾನು. ಆದರೆ ಇದು ಯೋಚಿಸಿ ಕಟ್ಟಿದ ಒಂದು ವಿಚಾರ. ನಲ್ಲಿಯಲ್ಲಿ ನೀರು ಬಾರದಿರುವುದಕ್ಕೂ ಇದಕ್ಕೂ ಏನು ಸಂಬಂಧ?

ದ್ವೀಪದಲ್ಲಿ ಅವಳು ಮಾಡಿದ್ದನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಆ ನೆಲದ ಮೂಲ ಜನ ಕಾನಕರು. ಗಡಿಪಾರಾಗಿ ಬಂದ ಫ್ರೆಂಚರಲ್ಲೇ ಬಹುಪಾಲು ಜನ ಅವರನ್ನು ಕಾಡುಜನ ಎಂದು ದೂರವಿಟ್ಟರು. ಇವಳು ಅವರ ಮಾತು ಕಲಿತಳು, ಪದಗಳ ಪಟ್ಟಿ ಮಾಡಿಕೊಂಡಳು, ಅವರ ಕತೆ ಹಾಡುಗಳನ್ನು ಕೇಳಿ ಬರೆದಿಟ್ಟಳು. ಅವೇ ಮುಂದೆ 1885ರಲ್ಲಿ ಪ್ಯಾರಿಸಿನಲ್ಲಿ ಪುಸ್ತಕವಾದವು. ಕಾನಕರಿಗೆ ಪಾಠ ಹೇಳಿದಳು. ಅಷ್ಟೇ ಅಲ್ಲ, ಪರಂಗಿ ಗಿಡಗಳಿಗೆ ಹಳದಿ ರೋಗ ಬಂದಾಗ ರೋಗದ ಗಿಡದ ರಸವನ್ನು ಒಳ್ಳೆಯ ಗಿಡಕ್ಕೆ ಚುಚ್ಚಿ, ಮನುಷ್ಯರಿಗೆ ಹಾಕುವಂತೆ ಗಿಡಕ್ಕೂ ಲಸಿಕೆ ಹಾಕಬಹುದೇ ಎಂದು ಪ್ರಯೋಗ ನಡೆಸಿದಳು. ನಮ್ಮ ಕಡೆ ಪರಂಗಿ ಬೆಳೆದು ರೋಗದಿಂದ ತೋಟವನ್ನೇ ಕಿತ್ತವರಿಗೆ ಈ ಮಾತು ಮುಟ್ಟೀತು.

ನನ್ನ ಮೊದಲ ಪೋಸ್ಟಿಂಗ್ 1981ರಲ್ಲಿ, ಬಾಗೇಪಲ್ಲಿ ತಾಲ್ಲೂಕಿನ ಗಡಿಯ ಒಂದು ಏಕೋಪಾಧ್ಯಾಯ ಶಾಲೆ. ಆಗ ಅದೆಲ್ಲ ಕೋಲಾರ ಜಿಲ್ಲೆ. ಮೊದಲ ದಿನ ಒಬ್ಬ ತಾಯಿ ಮಗನನ್ನು ಕೈಹಿಡಿದು ತಂದು, ‘ಟೀಚರಮ್ಮಾ, ಮಾ ವಾಡಿಕಿ ಕನ್ನಡಂ ರಾದು’ ಅಂದಳು, ನಮ್ಮ ಹುಡುಗನಿಗೆ ಕನ್ನಡ ಬರಲ್ಲ ಅಂತ. ಬರೀ ಅವನಿಗಲ್ಲ, ಮೂವತ್ತೊಂದು ಮಕ್ಕಳಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ತುಮಕೂರು ಕಡೆಯಿಂದ ಹೋದ ನನಗೆ ತೆಲುಗು ಬರುತ್ತಿರಲಿಲ್ಲ. ಆರು ತಿಂಗಳು ಆ ಮಕ್ಕಳೇ ನನಗೆ ಮೇಷ್ಟರು. ಅವರ ಅಜ್ಜಿಯರು ಕಡಲೆಕಾಯಿ ಬಿಡಿಸುತ್ತ ಹೇಳುತ್ತಿದ್ದ ಕತೆಗಳನ್ನು ಬರೆದುಕೊಂಡೆ, ಅದೇ ಕತೆಯನ್ನು ಮೊದಲು ತೆಲುಗಿನಲ್ಲಿ ಹೇಳಿಸಿ ಆಮೇಲೆ ಕನ್ನಡದಲ್ಲಿ ಬರೆಸಿದೆ. ಕೈವಾರದ ತಾತಯ್ಯನವರು ಎರಡೂ ಭಾಷೆಯಲ್ಲಿ ಹಾಡು ಕಟ್ಟಿದ ಸೀಮೆ ಇದು. ನನ್ನ ಕ್ರಮದಲ್ಲಿ ತಪ್ಪೇನಿದೆ ಅನ್ನಿಸಿತ್ತು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರಿಗೆ ತಪ್ಪಾಗಿ ಕಂಡಿತು. ಕನ್ನಡ ಶಾಲೆಯಲ್ಲಿ ತೆಲುಗು ಮಾತಾಡಿಸಿದ್ದಕ್ಕೆ ಮೆಮೊ ಕೊಟ್ಟರು. ಆ ಮೆಮೊ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಕತೆ ಬರೆದುಕೊಂಡ ಪುಸ್ತಕವೂ ಇದೆ. ಲೂಯಿಸ್ ಕಾನಕರ ಕತೆ ಬರೆದುಕೊಂಡಳೆಂದು ಓದಿದ ದಿನ ಎರಡನ್ನೂ ತೆಗೆದು ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ.

1878ರಲ್ಲಿ ಕಾನಕರು ತಮ್ಮ ನೆಲಕ್ಕಾಗಿ ದಂಗೆ ಎದ್ದರು, ನಾಯಕ ಅತಾಯಿ. ಪ್ಯಾರಿಸಿನಲ್ಲಿ ಸ್ವಾತಂತ್ರ್ಯಕ್ಕಾಗಿ ಬಡಿದಾಡಿ ಬಂದ ಗಡಿಪಾರಿನವರಲ್ಲಿ ಹಲವರು ಆಗ ಫ್ರೆಂಚ್ ಸರ್ಕಾರದ ಪಕ್ಷಕ್ಕೆ ನಿಂತರು. ಲೂಯಿಸ್ ನಿಲ್ಲಲಿಲ್ಲ. ದಂಗೆಗೆ ಹೊರಟ ಇಬ್ಬರು ಕಾನಕ್ ಗೆಳೆಯರು ರಾತ್ರಿ ಹೇಳಿಹೋಗಲು ಬಂದಾಗ, ಕಮ್ಯೂನಿನ ಕಾಲದಿಂದ ಎಷ್ಟೋ ತಪಾಸಣೆಗಳಲ್ಲಿ ಬಚ್ಚಿಟ್ಟು ಉಳಿಸಿಕೊಂಡಿದ್ದ ಕೆಂಪು ವಸ್ತ್ರವನ್ನು ಎರಡಾಗಿ ಹರಿದು ಇಬ್ಬರಿಗೂ ಕೊಟ್ಟಳು. ಅತಾಯಿಯನ್ನು ಕೊಂದು ಅವನ ತಲೆಯನ್ನು ಫ್ರಾನ್ಸಿಗೆ ಸಾಗಿಸಿದರು. ಆ ತಲೆಬುರುಡೆ ಅವನ ಜನರ ಕೈಗೆ ವಾಪಸು ಬಂದದ್ದು 2014ರಲ್ಲಿ, ನೂರ ಮೂವತ್ತಾರು ವರ್ಷದ ಮೇಲೆ. ಅದೇ ದ್ವೀಪಕ್ಕೆ 1871ರಲ್ಲಿ ಅಲ್ಜೀರಿಯಾದಲ್ಲಿ ಫ್ರೆಂಚರ ವಿರುದ್ಧ ಎದ್ದವರನ್ನೂ ತಂದು ಹಾಕಿದ್ದರು, ಅವರ ಗೆಳೆತನವನ್ನೂ ಮಾಡಿಕೊಂಡಳು. 1880ರಲ್ಲಿ ಕಮ್ಯೂನಿನವರಿಗೆ ಕ್ಷಮಾದಾನ ಸಿಕ್ಕಿತು, ಅಲ್ಜೀರಿಯಾದವರಿಗೆ ಸಿಗಲಿಲ್ಲ. ಅವರನ್ನು ಅವಳು ಮರೆಯಲಿಲ್ಲ. 1904ರಲ್ಲಿ, ಎಪ್ಪತ್ತನಾಲ್ಕರ ವಯಸ್ಸಿನಲ್ಲಿ, ಆರೋಗ್ಯ ಕೈಕೊಟ್ಟಿದ್ದರೂ ಅಲ್ಜೀರಿಯಾದ ಊರೂರು ತಿರುಗಿ ಭಾಷಣ ಮಾಡಿದಳು.

ಈ ಅರಾಜಕತಾವಾದಿಗಳ ಜಾಲ ಎಷ್ಟು ದೂರ ಹಬ್ಬಿತ್ತು ಎನ್ನುವುದೂ ಬೆರಗಿನ ವಿಷಯ. ಕಚೇರಿಯಿಲ್ಲ, ಸದಸ್ಯರ ಪುಸ್ತಕವಿಲ್ಲ. ಕಾಗದ, ಸಣ್ಣ ಪತ್ರಿಕೆ, ದೇಶ ಬಿಟ್ಟು ಬಂದವರಿಗೆ ಮನೆಯಲ್ಲೊಂದು ಹಾಸಿಗೆ. 1881ರ ಜುಲೈನಲ್ಲಿ ಲಂಡನ್ನಿನಲ್ಲಿ ಸೇರಿದಾಗ ರಷ್ಯಾದ ಕ್ರೊಪಾಟ್ಕಿನ್, ಇಟಲಿಯ ಮಲತೆಸ್ತಾ, ಫ್ರಾನ್ಸಿನ ಲೂಯಿಸ್ ಒಂದೇ ಸಭೆಯಲ್ಲಿದ್ದರು. ಒಳಗೆ ಪೊಲೀಸರ ಗೂಢಚಾರನೂ ಇದ್ದ. 1883ರ ಮಾರ್ಚ್ 9ರಂದು ಪ್ಯಾರಿಸಿನಲ್ಲಿ ಕೆಲಸವಿಲ್ಲದವರ ಮೆರವಣಿಗೆಯಲ್ಲಿ ಹಳೆಯ ಕಪ್ಪು ಲಂಗವನ್ನು ಪೊರಕೆ ಕಡ್ಡಿಗೆ ಕಟ್ಟಿ ಬಾವುಟ ಮಾಡಿ ನಡೆದಳು. ಹಸಿದವರು ದಾರಿಯ ಬೇಕರಿಗಳಿಗೆ ನುಗ್ಗಿದರು, ಅವಳಿಗೆ ಆರು ವರ್ಷ ಜೈಲಾಯಿತು. ಅವಳು ಸೆರೆಯಲ್ಲಿದ್ದಾಗಲೇ ತಾಯಿ ತೀರಿಕೊಂಡಳು. 1888ರ ಜನವರಿಯಲ್ಲಿ ಲ ಹಾವ್ರ್ ಊರಿನ ಸಭೆಯಲ್ಲಿ ಲ್ಯೂಕಾ ಎಂಬವನು ಅವಳಿಗೆ ಗುಂಡು ಹೊಡೆದ. ಗುಂಡು ತಲೆಯೊಳಗೇ ಉಳಿಯಿತು, ಸಾಯುವವರೆಗೂ ಅಲ್ಲೇ ಇತ್ತು. ಅವನ ಮೇಲೆ ದೂರು ಕೊಡಲಿಲ್ಲ. ಅವನ ಹೆಂಡತಿಗೆ ಕಾಗದ ಬರೆದಳು, ನ್ಯಾಯಾಲಯದಲ್ಲಿ ಅವನ ಪರವಾಗಿ ಮಾತಾಡಿದಳು, ಅವನು ಬಿಡುಗಡೆಯಾದ. ಬಂದೂಕು ಹಿಡಿದ ಲೂಯಿಸಳನ್ನು ನನಗೆ ಒಪ್ಪಲಾಗದಿದ್ದಾಗ ಈ ಲೂಯಿಸಳನ್ನು ನೆನೆಯುತ್ತೇನೆ.

ಲಂಡನ್ನಿಗೆ ಹೋದದ್ದು 1890ರಲ್ಲಿ. ಅಲ್ಲಿಯೂ ಮಾಡಿದ್ದೇನು? ಶಾಲೆ. ಫಿಟ್ಸ್‌ರಾಯ್ ಚೌಕದಲ್ಲಿ, ನಾನಾ ದೇಶಗಳಿಂದ ಓಡಿಬಂದವರ ಮಕ್ಕಳಿಗೆ. ಸಮಿತಿಯಲ್ಲಿ ಕ್ರೊಪಾಟ್ಕಿನ್, ಮಲತೆಸ್ತಾ, ಇಂಗ್ಲಿಷ್ ಕವಿ ವಿಲಿಯಂ ಮಾರಿಸ್. ವಾಲ್ಟರ್ ಕ್ರೇನ್ ಎಂಬ ಕಲಾವಿದ ಶಾಲೆಯ ಪ್ರಕಟಣೆಗೆ ಚಿತ್ರ ಬರೆದುಕೊಟ್ಟ. ಎರಡು ವರ್ಷ ತುಂಬುವುದರೊಳಗೆ ಪೊಲೀಸರು ಬಂದು ನೆಲಮಾಳಿಗೆಯಲ್ಲಿ ಬಾಂಬ್ ಸಾಮಾನು ಸಿಕ್ಕಿತೆಂದರು, ಶಾಲೆ ಮುಚ್ಚಿತು. ಇಟ್ಟವನು ಶಾಲೆಯಲ್ಲೇ ಕೆಲಸಕ್ಕಿದ್ದ ಕೂಲೋಂ, ಅವನು ಪೊಲೀಸರಿಂದ ಹಣ ಪಡೆಯುತ್ತಿದ್ದವನು ಎಂಬುದು ಆಮೇಲೆ ಹೊರಬಿತ್ತು. ಒಂದು ಶಾಲೆ ಮುಚ್ಚುವುದೆಂದರೆ ಏನೆಂದು ನಮ್ಮ ತಾಲ್ಲೂಕಿನವರಿಗೆ ಹೇಳಬೇಕಾಗಿಲ್ಲ. ಮಕ್ಕಳು ಕಡಿಮೆಯೆಂದು ಬೀಗ ಬಿದ್ದ ಶಾಲೆಯ ಕರಿಹಲಗೆಯ ಮೇಲೆ ಕೊನೆಯ ದಿನದ ತಾರೀಖು ಹಾಗೇ ಉಳಿದಿದ್ದನ್ನು ಕಿಟಕಿಯಿಂದ ನೋಡಿದ್ದೇನೆ.

ಆ ಜಾಲದ ಎಳೆ ನಮ್ಮ ಕಡೆಗೂ ಬಂದಿದೆ. ಭಗತ್ ಸಿಂಗರ ಕರಪತ್ರ ಒಂದು ಎಳೆ. 1887ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಎಂ.ಪಿ.ಟಿ. ಆಚಾರ್ಯ ಇನ್ನೊಂದು. ಬ್ರಿಟಿಷರಿಂದ ತಪ್ಪಿಸಿಕೊಂಡು ಯುರೋಪಿಗೆ ಹೋದವರು, 1920ರಲ್ಲಿ ತಾಷ್ಕೆಂಟಿನಲ್ಲಿ ಭಾರತದ ಕಮ್ಯುನಿಸ್ಟ್ ಪಕ್ಷ ಕಟ್ಟಿದವರಲ್ಲಿ ಒಬ್ಬರು, ಆಮೇಲೆ ಅದನ್ನು ಬಿಟ್ಟು ಅರಾಜಕತಾವಾದಿಯಾಗಿ ಯುರೋಪಿನ ಪತ್ರಿಕೆಗಳಿಗೆ ಬರೆಯುತ್ತ, 1954ರಲ್ಲಿ ಬೊಂಬಾಯಿಯಲ್ಲಿ ತೀರಿಕೊಂಡವರು. ಇನ್ನು ಗಾಂಧೀಜಿ! 1916ರ ಫೆಬ್ರವರಿಯಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯದ ಸಮಾರಂಭದಲ್ಲಿ, ಮಹಾರಾಜರುಗಳ ಎದುರಿಗೇ, ನಾನೂ ಒಬ್ಬ ಅರಾಜಕತಾವಾದಿಯೇ, ಆದರೆ ಬೇರೆ ಬಗೆಯವನು ಎಂದರು. ಆ ಮಾತನ್ನು ನಿಮ್ಮ ಶೀರ್ಷಿಕೆಯ ಅರ್ಥದಲ್ಲಿ ಓದಿ ನೋಡಿ, ಏನಾಗುತ್ತದೆ?

ನಮ್ಮ ಹಳೆಯ ಗ್ರಂಥಗಳಲ್ಲಿ ಅರಾಜಕ ಎಂದರೆ ರಾಜನಿಲ್ಲದ ನಾಡು, ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಸ್ಥಿತಿ ಎಂದಿರುವುದು ನನಗೂ ಗೊತ್ತು. ಆ ಅರ್ಥ ಬೇರೂರಿದೆ, ಕಿತ್ತುಹಾಕಿ ಎನ್ನುತ್ತಿಲ್ಲ. 1840ರಲ್ಲಿ ಪ್ರೂಧೋಂ ಎಂಬ ಫ್ರೆಂಚ್ ಚಿಂತಕ ಬೈಗುಳವಾಗಿದ್ದ ಆ ಪದವನ್ನೇ ಎತ್ತಿಕೊಂಡು ಇದು ನನ್ನ ಹೆಸರು ಎಂದ. ಅಂದಿನಿಂದ ಅದು ಒಂದು ವಿಚಾರದ ಹೆಸರೂ ಹೌದು. ಬಸ್ ನಿಲ್ದಾಣಕ್ಕೆ ಅವ್ಯವಸ್ಥೆ ಎಂಬ ಒಳ್ಳೆಯ ಪದವಿದೆ. ಹದಗೆಟ್ಟಿದೆ, ಕೇಳುವವರಿಲ್ಲ, ಇವೂ ಇವೆ. ಬೀಗದ ಕೈ ಇಟ್ಟುಕೊಂಡೂ ಬಾಗಿಲು ತೆರೆಯದ ಅಧಿಕಾರಿ ಇರುವ ಕಡೆ ಅರಾಜಕತೆ ಎಂದರೆ ಅರ್ಥವೇ ತಿರುಗುಮುರುಗಾಗುತ್ತದೆ.

ಲೂಯಿಸ್ ತೀರಿಕೊಂಡದ್ದು 1905ರ ಜನವರಿ 9, ಮಾರ್ಸೇ ನಗರದ ಒಂದು ಹೋಟೆಲಿನಲ್ಲಿ, ಭಾಷಣಕ್ಕೆಂದು ಊರೂರು ಸುತ್ತುತ್ತಿದ್ದಾಗ. ಜನವರಿ 22ರಂದು ಪ್ಯಾರಿಸಿನಲ್ಲಿ ಹತ್ತಾರು ಸಾವಿರ ಜನ ಹಿಂದೆ ನಡೆದು ಲೆವಲ್ವಾ ಊರಿನ ಸ್ಮಶಾನದಲ್ಲಿ ತಾಯಿಯ ಪಕ್ಕದಲ್ಲೇ ಮಣ್ಣು ಮಾಡಿದರು. ಅದೇ ಭಾನುವಾರ ರಷ್ಯಾದಲ್ಲಿ ಝಾರ್ ದೊರೆಯ ಅರಮನೆಗೆ ಮನವಿ ಹಿಡಿದು ಹೊರಟವರ ಮೇಲೆ ಗುಂಡು ಹಾರುತ್ತಿತ್ತು. ಇಂದು ಅವಳು ಪಾಠ ಮಾಡಿದ ಮೋಂಮಾರ್ತ್ ಗುಡ್ಡದ ಉದ್ಯಾನಕ್ಕೆ ಅವಳ ಹೆಸರಿದೆ, ಒಂದು ಮೆಟ್ರೊ ನಿಲ್ದಾಣಕ್ಕಿದೆ, ಫ್ರಾನ್ಸಿನ ಎಷ್ಟೋ ಶಾಲೆಗಳಿಗಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಸೇನ್ ನದಿಯ ದಡದಲ್ಲಿ ಎದ್ದು ನಿಂತ ಹತ್ತು ಹೆಂಗಸರ ಬಂಗಾರದ ಬಣ್ಣದ ಪ್ರತಿಮೆಗಳಲ್ಲಿ ಒಂದು ಅವಳದು. ಟಿ.ವಿ. ಮುಂದೆ ಕೂತಿದ್ದವಳು ಎದ್ದು ನಿಂತುಬಿಟ್ಟೆ. ಮನೆಯವರು ಗಾಬರಿಯಾದರು.

ಆ ಪ್ರಶ್ನೆ ಕೇಳಿದ ಹುಡುಗನಿಗೆ ನಾನು ಉತ್ತರ ಹೇಳಿದ್ದು ಮಾರನೆಯ ವರ್ಷ. ಅಷ್ಟರಲ್ಲಿ ಅವನು ಹೈಸ್ಕೂಲಿಗೆ ಸೇರಿದ್ದ. ಸಂತೆಯಲ್ಲಿ ಸಿಕ್ಕ, ನಿಲ್ಲಿಸಿಕೊಂಡು ಹೇಳಿದೆ: ‘ಅವತ್ತು ನಿನಗೆ ತಪ್ಪು ಹೇಳಿಕೊಟ್ಟೆನಪ್ಪ.’ ಟೊಮೆಟೊ ಬಾಕ್ಸು ಹೊತ್ತಿದ್ದವನು ಕೆಳಗಿಳಿಸಿ ಪೂರ್ತಿ ಕೇಳಿಸಿಕೊಂಡ.

ಕೊನೆಯದಾಗಿ ಒಂದು ಬೇಡಿಕೆ. ಬರುವ ಜನವರಿ 9ಕ್ಕೆ ಲೂಯಿಸ್ ಮಿಶೆಲ್ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಅರ್ಧ ಪುಟ ಕೊಡಿ, ಬರೆಯಲು ನನಗಿಂತ ತಿಳಿದವರನ್ನು ಹುಡುಕಿ. ಫ್ರೆಂಚ್ ಬಲ್ಲ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ, ಅವಳು ಬರೆದಿಟ್ಟ ಕಾನಕರ ಕತೆಗಳನ್ನು ನೇರವಾಗಿ ಕನ್ನಡಕ್ಕೆ ತನ್ನಿ. ಅಚ್ಚಾದ ದಿನ ಹತ್ತು ಪ್ರತಿಗೆ ಹಣ ಕಳಿಸುತ್ತೇನೆ. ಒಂದು ನನಗೆ, ಒಂದು ಆ ಹುಡುಗನಿಗೆ, ಉಳಿದದ್ದು ಬಾಗೇಪಲ್ಲಿ ಗಡಿಯ ಆ ಶಾಲೆಗೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ
ಗೌರಿಬಿದನೂರು, ಚಿಕ್ಕಬಳ್ಳಾಪುರ ಜಿಲ್ಲೆ